ಬಣ್ಣದ ಹಲಗೆಗೊಂದು ಎಣ್ಣೆಸ್ನಾನ

ನಾನು ಒಂದು ಬಣ್ಣದ ಹಲಗೆ. ಚಿತ್ರ ಬರೆಯುವವರು ಪ್ಯಾಲೆಟ್ ಅನ್ನುತ್ತಾರೆ. ಹಿಟ್ಟು ಬೀಸಿಸಲು ಬಂದ ಹೆಂಗಸೊಬ್ಬಳು ಒಮ್ಮೆ ನನ್ನನ್ನು ಕಂಡು, "ಇದ್ಯಾವ ಮಣಿರೀ, ಒಗ್ಗರಣಿ ಸಿಡಿದಂಗ ಐತಿ?" ಎಂದಿದ್ದಳು. ಪ್ಯಾಲೆಟ್, ಮಣೆ, ಎರಡು ಹೆಸರಿಗೂ ನಾನು ಓಗೊಡುತ್ತೇನೆ.

ಹುಟ್ಟಿದ್ದು ಕಲಘಟಗಿಯಲ್ಲಿ, ತೊಟ್ಟಿಲು ಮಾಡುವ ಬಡಿಗೇರರ ಮನೆಯಲ್ಲಿ. ಸಾಗವಾನಿ ಕುಲ. ನನ್ನ ಅಣ್ಣತಮ್ಮಂದಿರೆಲ್ಲ ಅರಗಿನ ಬಣ್ಣ ಬಳಿಸಿಕೊಂಡು, ಗಿಳಿ ನವಿಲು ಬರೆಸಿಕೊಂಡು, ಯಾರ್ಯಾರದೋ ಮನೆಯ ಕೂಸುಗಳನ್ನು ತೂಗಲು ಹೋದರು. ತಲೆಕಡೆಯ ಪಟ್ಟಿಯಾಗಬೇಕಿದ್ದ ನಾನು ಅಳತೆಗೆ ಸಾಲದೆ ಮೂಲೆಯಲ್ಲಿ ಉಳಿದೆ. ಆ ಹೊತ್ತಿಗೆ ತೊಟ್ಟಿಲು ಮಾಡಲು ಹೇಳಿಹೋಗಲು ಒಬ್ಬರು ಬಂದರು. ಉದ್ದ ಕೋಟು, ಎಣ್ಣೆ ಹತ್ತಿದ ಟೋಪಿ, ಉಗುರಿನ ಸಂದಿಯಲ್ಲಿ ಹಸಿರು ನೀಲಿ. ಚಿತ್ರಗಾರ ವೆಂಕೋಬರಾವ್ ಗಲಗಲಿ. ಹೆಂಡತಿ ಅಂಬಕ್ಕ ಬಸುರಿ, ಚೊಚ್ಚಲು. ಅವರು ತೊಟ್ಟಿಲಿಗೆ ಹೇಳಿ, ಹೋಗುವಾಗ ನನ್ನನ್ನು ಎತ್ತಿ ತಿರುಗಿಸಿ ನೋಡಿ, "ಇದನ್ನ ನನಗ ಕೊಡ್ರಿ. ಒಂದು ತೂತು ಕೊರದು ಕೊಡ್ರಿ," ಎಂದರು.

ಹೀಗೆ ನನಗೊಂದು ತೂತಾಯಿತು. ಅದರೊಳಗೆ ಎಡಗೈಯ ಹೆಬ್ಬೆರಳು ತೂರಿಸಿ ನನ್ನನ್ನು ಹಿಡಿಯುತ್ತಾರೆ. ಕಲಾವಿದರು ಎಷ್ಟೇ ದೊಡ್ಡವರಿರಲಿ, ಎಷ್ಟೇ ಓದಿರಲಿ, ನನ್ನ ಪಾಲಿಗೆ ಎಲ್ಲರೂ ಹೆಬ್ಬೆಟ್ಟಿನವರೇ. ಇನ್ನು ಮುಖ ಅನ್ನುವಿರೋ, ಯಾರ ಮುಖವನ್ನೂ ನಾನು ನೇರ ಕಂಡವನಲ್ಲ. ಕೆಳಗಿನಿಂದ ಕಾಣುವುದು ಗದ್ದ ಮತ್ತು ಮೂಗಿನ ಹೊಳ್ಳೆ. ಚಿತ್ರ ಚೆನ್ನಾಗಿ ಬರುತ್ತಿದ್ದರೆ ಹೊಳ್ಳೆ ಅರಳುತ್ತವೆ, ಕೆಟ್ಟರೆ ಗದ್ದ ಬಿಗಿಯುತ್ತದೆ. ಅಷ್ಟು ತಿಳಿದರೆ ಒಂದು ಹಲಗೆಗೆ ಸಾಕು.

ಗಲಗಲಿಯವರು ನನ್ನ ಮೇಲೆ ಬಣ್ಣ ಕಲೆಸಿದ್ದು ಒಂದೇ ಒಂದು ಚಿತ್ರಕ್ಕೆ. ಬೆಣ್ಣಿಹಳ್ಳದ ಆಚೆ ಅವರ ಊರು. ನಸುಕಿನಲ್ಲಿ ಓಣಿಯ ನಡುವೆ ಮೂರು ಕಾಲಿನ ಸ್ಟ್ಯಾಂಡ್ ಹೂಡಿದರು. ಎರಡೂ ಕಡೆ ಮಾಳಿಗೆಯ ಮಣ್ಣಿನ ಮನೆಗಳು, ಬಲಕ್ಕೆ ಬೇವಿನ ಮರ, ಅದರ ಬುಡಕ್ಕೆ ನೊಗ ಕೆಳಗಿಟ್ಟ ಚಕ್ಕಡಿ. ಹೊಲದ ಕಡೆ ಹೊರಟ ದನಗಳ ಬೆನ್ನು, ಬಾಲ. ಮುಂದೆ ಅವರದೇ ಮನೆಯ ಹೊಸ್ತಿಲ ಕೆಳಗೆ, ಸಗಣಿನೀರಿನ ಥಳಿ ಹೊಡೆದ ಅಂಗಳದಲ್ಲಿ, ಅಂಬಕ್ಕ ಬಗ್ಗಿ ರಂಗೋಲಿಯ ಚುಕ್ಕಿ ಇಡುತ್ತಿದ್ದರು.

"ಅಲುಗಾಡಬ್ಯಾಡ. ಹಂಗೇ ಇರು," ಎಂದರು ಗಲಗಲಿ.

"ಎಷ್ಟೊತ್ತು ಬಗ್ಗಲಿ? ಸೊಂಟ ಹೋತು ನಂದು."

"ಇನ್ನೊಂದು ಚುಕ್ಕಿ ಇಡು. ಆತು, ಆತು."

"ಆಗಿಂದ ಆತು ಆತು ಅಂತೀರಿ. ಈ ಆತು ಆಗೂದ್ರಾಗ ಕೂಸ ಹುಟ್ಟತದ."

ಗಲಗಲಿಯವರು ನಗುತ್ತ ನನ್ನ ಮೇಲೆ ನೀಲಿಗೆ ಬಿಳಿ ಬೆರೆಸಿದರು, ಆ ಬಿಳಿಗೆ ಚಿಟಿಕೆಯಷ್ಟು ಗುಲಾಬಿ ಸೇರಿಸಿದರು. ಅದು ಆಕಾಶ. ರಂಗೋಲಿಗೆ ಮಾತ್ರ ಏನೂ ಬೆರೆಸಲಿಲ್ಲ, ದಪ್ಪ ಬಿಳಿಯನ್ನು ಕುಂಚದ ತುದಿಯಲ್ಲಿ ಎತ್ತಿ ಚುಕ್ಕಿ ಚುಕ್ಕಿಯಾಗಿ ಇಟ್ಟರು. ಎಷ್ಟು ದಪ್ಪವೆಂದರೆ ಕಣ್ಣು ಮುಚ್ಚಿ ಬೆರಳಾಡಿಸಿದರೂ ಎಣಿಸಬಹುದಿತ್ತು.

ತೊಟ್ಟಿಲು ಬೇಕಾಗಲಿಲ್ಲ. ಹೆರಿಗೆಯಲ್ಲಿ ತಾಯಿ ಕೂಸು ಇಬ್ಬರೂ ಹೋದರು. ಗಲಗಲಿಯವರು ನನ್ನನ್ನು ಒರೆಸಲೂ ಇಲ್ಲ, ಗೋಡೆಯ ಮೊಳೆಗೆ ತೂಗುಹಾಕಿಬಿಟ್ಟರು. ಹೆಬ್ಬೆರಳ ತೂತಿನ ಬದಿಗೆ ಆ ನೀಲಿ, ಆ ಗುಲಾಬಿ ಹಾಗೇ ಒಣಗಿ ಗಟ್ಟಿಯಾದವು.

ಎರಡು ವರ್ಷವಾದ ಮೇಲೆ ಶಿವಮೂರ್ತೆಪ್ಪ ಕಡ್ಲಿಮಟ್ಟಿ ಎಂಬ ತರುಣ ಅವರಲ್ಲಿ ಕಲಿಯಲು ಬಂದ. ಗುರುಗಳು ಅವನಿಗೆ ಕೈ ಕಾಲು ಕಿವಿ ಬರೆಯಲು ಕಲಿಸಿದರು, ಮರ ಮೋಡ ಕಲಿಸಿದರು, ಆ ಚಿತ್ರದ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ ಚಿತ್ರವನ್ನೂ ನನ್ನನ್ನೂ ಅವನ ಕೈಗಿಟ್ಟು, "ಶಿವಮೂರ್ತಿ, ಚೆಂದಾಗಿ ನೋಡ್ಕೋ," ಎಂದರು. ಅಷ್ಟೇ.

ಶಿವಮೂರ್ತೆಪ್ಪ ಕಡ್ಲಿಮಟ್ಟಿ ಸರ್ ಆದರು. ಧಾರವಾಡದಲ್ಲಿ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಚಿತ್ರಶಾಲೆ ತೆರೆದರು. ಕೆಳಗೆ ಜೋಳ ಬೀಸುವ ಸದ್ದು, ಮೇಲೆ ಕಣ್ಣು ಕಿರಿದು ಮಾಡಿ ನೋಡುವ ಮೌನ. ಸರ್ ಅವರ ಬಾಯಲ್ಲಿ ಸದಾ ಎಲೆ ಅಡಿಕೆ. ಅವರ ದನಿ ಮಾಡಿ ತೋರಿಸಲೇ? ಗದ್ದ ಮೇಲೆತ್ತಿ, ರಸ ತುಳುಕದ ಹಾಗೆ ತುಟಿ ಕೂಡಿಸಿ: "ಕಂಡದ್ದು ತಗೀಬೇಕು, ತಿಳದದ್ದು ತಗೀಬಾರದು." ಹೊಸದಾಗಿ ಸೇರಿದವರು ಈ ಮಾತು ಕೇಳಿ, ನನ್ನ ತೂತಿಗೆ ಹೆಬ್ಬೆರಳಿಟ್ಟು ಆಣೆ ಮಾಡಬೇಕು. ಗುರುಗಳ ಚಿತ್ರವನ್ನು ನೋಡಿ ನಕಲು ಮಾಡಿ, ಆ ನಕಲು ಪಾಸಾಗಿ ಗೋಡೆಗೇರುವ ತನಕ ಸ್ವಂತ ಚಿತ್ರಕ್ಕೆ ಕುಂಚ ಮುಟ್ಟುವುದಿಲ್ಲ ಅಂತ. ಮೂರು ಅವಕಾಶ. ಮೂರನೆಯ ಸಲಕ್ಕೆ ಬಂದವರಿಗೆ ಧೈರ್ಯಕ್ಕಿರಲಿ ಎಂದು ನನ್ನನ್ನೇ ಕೊಡುತ್ತಿದ್ದರು. "ಇದರ ಮ್ಯಾಲೆ ಗುರುಗಳು ಆ ಒಂದು ಚಿತ್ರ ಬರದಾರ. ಬ್ಯಾರೆ ಚಿತ್ರ ಈ ಹಲಗಿ ಕಂಡಿಲ್ಲ," ಎಂದು ಪ್ರತಿ ಸಲವೂ ಹೇಳುತ್ತಿದ್ದರು. ನಿಜವೇ. ಆ ಚಿತ್ರ ಮತ್ತು ಅದರ ನಕಲುಗಳು ಬಿಟ್ಟರೆ ನಾನು ಬೇರೇನೂ ಕಂಡಿಲ್ಲ.

ಇನ್ನು ಎಣ್ಣೆಯ ವಿಷಯ. ಮೊದಲ ದೀಪಾವಳಿ, ನರಕ ಚತುರ್ದಶಿಯ ಬೆಳಗು. ಮನೆಯವರೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಎರೆದುಕೊಳ್ಳುವ ಹೊತ್ತು. ಸರ್ ಅವರಿಗೆ ಚಿತ್ರ ನೋಡಿ ಮನಸ್ಸು ಕರಗಿತು. "ಗುರುಗಳ ಚಿತ್ರ ಅಂದ್ರ ಮನಿ ಹಿರೇ ಮಗಳಿದ್ದಂಗ. ಮಗಳಿಗೆ ಎಣ್ಣಿ ಹಚ್ಚಲಾರದ ಹಬ್ಬ ಎಂಥಾದ್ದು?" ಬಣ್ಣ ಕಲೆಸುವುದೂ ಅಗಸೆ ಎಣ್ಣೆಯಲ್ಲೇ ಅಲ್ಲವೇ, ಅದನ್ನೇ ಬಟ್ಟಲಿಗೆ ಹಾಕಿ, ಅಂಗೈಯಿಂದ ಚಿತ್ರದ ಮೈತುಂಬ ಸವರಿದರು. ಚಿತ್ರ ಫಳ್ಳನೆ ಮಿಂಚಿತು. "ನೋಡ್ರಿ, ಹೆಂಗ ಕಳೆ ಬಂತು ಮಾರಿಗೆ!"

ಅಂದಿನಿಂದ ಅದೊಂದು ಪದ್ಧತಿಯಾಯಿತು. ಪ್ರತಿ ದೀಪಾವಳಿಗೆ, ಆ ವರ್ಷ ಪಾಸಾದವರ ಕೈಯಿಂದ ಚಿತ್ರಕ್ಕೆ ಎಣ್ಣೆ. ಪಕ್ಕದ ಮೊಳೆಗೆ ತೂಗಿಕೊಂಡು ನಾನು ನೋಡುತ್ತಿದ್ದೆ. ಅಗಸೆ ಎಣ್ಣೆ ನಿಜವಾಗಿ ಬೇಕಾಗಿದ್ದು ಮರಕ್ಕೆ. ಬೇಸಗೆ ಬಂದರೆ ನನ್ನ ಮೈ ಬಿರಿಯುತ್ತಿತ್ತು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಹೊಟ್ಟೆ ಇಲ್ಲದಿದ್ದರೂ ಕಿಚ್ಚು ಮಾತ್ರ ಆಯಿತು.

ಎಣ್ಣೆ ಒಣಗಿದರೆ ಹಳದಿಯಾಗುತ್ತದೆ. ಅಂಟಂಟು ಇರುವಾಗಲೇ ಕೆಳಗಿನ ಗಿರಣಿಯ ಹಿಟ್ಟು ಹಾರಿ ಬಂದು ಕೂರುತ್ತದೆ, ದಿನಾ ಬೆಳಗುವ ಊದುಬತ್ತಿಯ ಹೊಗೆ ಹಿಡಿಯುತ್ತದೆ. ಮರುವರ್ಷ ಅದರ ಮೇಲೆ ಮತ್ತೆ ಎಣ್ಣೆ. ಚಿತ್ರ ದಿನಾ ಕಣ್ಣೆದುರಿಗೇ ಇರುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಸರ್ ಮೊದಲು ಅದನ್ನು 'ಗುರುಗಳ ಓಣಿ' ಅನ್ನುತ್ತಿದ್ದರು. ಕೆಲವು ವರ್ಷಕ್ಕೆ 'ಬಿಸಿಲ ಓಣಿ' ಆಯಿತು. ಆಮೇಲೆ ಹೊಸ ಹುಡುಗರಿಗೆ ಪರಿಚಯಿಸುವಾಗ 'ಗೋಧೂಳಿ' ಎಂದರು. ಹೊಲಕ್ಕೆ ಹೊರಟಿದ್ದ ದನಗಳು ತಿರುಗದೆಯೇ ಮನೆಗೆ ಮರಳಿದವು! ಬಾಲ ಕಾಣುತ್ತಿದೆಯಲ್ಲ ಎಂದು ಯಾರೂ ಕೇಳಲಿಲ್ಲ.

ಆ ಸಂಜೆಯ ಬಣ್ಣ ತರಲು ಸರ್ ಒಂದು ಮಿಶ್ರಣ ಕಂಡುಹಿಡಿದರು. ಹಳದಿ ಮಣ್ಣಿನ ಬಣ್ಣ, ಸುಟ್ಟ ಕೆಂಪು, ಚಿಟಿಕೆ ಕಪ್ಪು, ಬಹಳಷ್ಟು ಎಣ್ಣೆ. ನಕಲು ಮುಗಿದ ಮೇಲೆ ಇದನ್ನು ತೆಳ್ಳಗೆ ಮೇಲೆಲ್ಲ ಹರಡಬೇಕು. ವಿದ್ಯಾರ್ಥಿಗಳು ಅದಕ್ಕೆ 'ಸಾರು' ಎಂದು ಹೆಸರಿಟ್ಟಿದ್ದರು. "ಸಾರು ಬಿಟ್ಟಿ ಏನೋ?" "ಇಲ್ಲೋ, ಇನ್ನೂ ಕುದೀಲಿಕತ್ತದ." ವರ್ಷ ವರ್ಷಕ್ಕೆ ಸಾರು ಗಟ್ಟಿಯಾಯಿತು. ಮೂರನೆಯ ಸಲದವರೆಲ್ಲ ಆ ಸಾರನ್ನು ನನ್ನ ಮೇಲೇ ಕಲೆಸಿದರು, ಅಂಚಿಗೆ ಉಳಿದದ್ದು ಪದರ ಪದರವಾಗಿ ಒಣಗಿತು. ನಾನು ಚಿರೋಟಿಯಂತಾದೆ, ತೂಕದಲ್ಲಿ ಮಾತ್ರ ರುಬ್ಬುಗುಂಡು.

ಪಾಪ, ಅಂಬಕ್ಕನ ಗತಿ ಕೇಳಿ. ರಂಗೋಲಿ ಸಾರಿನಲ್ಲಿ ಮುಳುಗಿಹೋದ ಮೇಲೆ ಆಕೆ ಯಾಕೆ ಬಗ್ಗಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬ ಅವಳ ಕೈಗೆ ಕಸಬರಿಗೆ ಕೊಟ್ಟು ಫೇಲಾದ. ಇನ್ನೊಬ್ಬ ಕೋಳಿಮರಿ ಹಿಡಿಸಿ ಫೇಲಾದ. ಕೊನೆಕೊನೆಗೆ ಚಿತ್ರಶಾಲೆಯಲ್ಲಿ ಅವಳ ಹೆಸರು 'ಸೊಂಟನೋವಿನಾಕಿ' ಎಂದೇ ಆಯಿತು. ನನಗೆ ಆಕೆಯ ದನಿ ನೆನಪಾಗುತ್ತಿತ್ತು: ಸೊಂಟ ಹೋತು ನಂದು. ನಗಬೇಕೋ ಅಳಬೇಕೋ ತಿಳಿಯದೆ, ಹಲಗೆಯಂತೆ ಸುಮ್ಮನಿದ್ದೆ.

ಸುಗಲಾ ಬಂದದ್ದು ಈ ಹಂತದಲ್ಲಿ. ಕೆಳಗಿನ ಗಿರಣಿಯ ಗುರುಸಿದ್ದಪ್ಪನ ಹೆಂಡತಿ. ಬಿ.ಎ. ಓದಿದವಳು, ನಲವತ್ತರ ಹತ್ತಿರದವಳು. ಆಕೆಗೆ ಬೇಕಾಗಿದ್ದು ಒಂದೇ ಚಿತ್ರ. ಬೆಳಿಗ್ಗೆ ಬಿಸಿಲೇರಿದಾಗ ಗಿರಣಿಯ ಅಟ್ಟವಿಲ್ಲದ ಭಾಗದ ಹಳೆಯ ತಗಡಿನ ತೂತುಗಳಿಂದ ಬೆಳಕು ಇಳಿದು, ಹಾರುವ ಹಿಟ್ಟಿನಲ್ಲಿ ಕಂಬ ಕಂಬವಾಗಿ ನಿಲ್ಲುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದನ್ನು ನೋಡಿದವಳು. ಅದನ್ನು ಬರೆಯಬೇಕು. ಆದರೆ ಗುರುಸಿದ್ದಪ್ಪ ತಗಡು ತೆಗೆದು ಸ್ಲಾಬ್ ಹಾಕಿಸಲು ಗೌಂಡಿಗೆ ಹೇಳಿಯಾಗಿತ್ತು.

"ಸಂಕ್ರಾಂತಿಗೆ ಕೆಲಸಾ ಸುರೂ!" ಎಂದ ಗುರುಸಿದ್ದಪ್ಪ. ಗಿರಣಿಯ ಸದ್ದಿಗೆ ಒಗ್ಗಿದ ಗಂಟಲು, ಮಷಿನ್ ನಿಂತಿದ್ದಾಗಲೂ ಕೂಗಿಯೇ ಮಾತಾಡುತ್ತಿದ್ದ.

"ತೂತಿನ ಬೆಳಕು ಹೋಗತೈತಲ್ರೀ."

"ಬೆಳಕಿನ ಕೂಡ ಮಳೀನೂ ಬರತೈತಿ! ಅದರ ಚಿತ್ರಾನೂ ತಗೀತಿ ಏನು?"

"ನೀವು ಮ್ಯಾಲಿನವರ ಆಣಿ ಬಿಡಸ್ರಿ, ಇವತ್ತ ತಗೀತೀನಿ."

ಆಣೆಯ ಮಾತು ಬಂದರೆ ಗುರುಸಿದ್ದಪ್ಪ ಮಷಿನ್ ಕಡೆ ತಿರುಗುತ್ತಿದ್ದ. ಅವನಿಗೂ ಸರ್ ಎಂದರೆ ಭಕ್ತಿ.

ಮೊದಲ ನಕಲಿನಲ್ಲಿ ಸುಗಲಾ ಆಕಾಶಕ್ಕೆ ತುಸು ನೀಲಿ ಹಾಕಿದಳು. ಎಲ್ಲ ಆಕಾಶಕ್ಕೂ ಇರುತ್ತದಲ್ಲ ಎಂದು. ಸರ್ ದೂರದಿಂದಲೇ ತಲೆಯಲ್ಲಾಡಿಸಿದರು. "ತಿಳದದ್ದು ತಗದಿ. ಕಂಡದ್ದು ತಗೀಲಿಲ್ಲ." ಎರಡನೆಯದರಲ್ಲಿ ಸೊಂಟನೋವಿನಾಕಿಯ ಕೈಗೆ ಮೊರ ಕೊಟ್ಟಳು.

"ಇದೆಲ್ಲೆ ಐತಿ ಗುರುಗಳ ಚಿತ್ರದಾಗ?" ಎಂದರು ಸರ್.

"ಇಲ್ರಿ. ಆದರ ಸಂಜಿಮುಂದ ಹೊಸ್ತಿಲದಾಗ ಆಕಿ ಸುಮ್ಮಸುಮ್ಮನ ಯಾಕ ಬಗ್ಗತಾಳ್ರಿ?"

"ಯಾಕರ ಬಗ್ಗಲಿ, ನಿನಗೇನಾತು? ಬಗ್ಗಿದ್ದು ಕಾಣತೈತಿಲ್ಲೋ? ಬಗ್ಗಿದ್ದು ತಗಿ."

ದಸರೆಯ ಹೊತ್ತಿಗೆ ಮೂರನೆಯ ಅವಕಾಶ. ನಾನು ಅವಳ ಕೈಗೆ ಬಂದೆ. ಇದರಲ್ಲಿ ಬಿದ್ದರೆ ಚಿತ್ರಶಾಲೆಯೂ ಇಲ್ಲ, ಗಿರಣಿಯ ಬೆಳಕೂ ಇಲ್ಲ. ಅವಳ ಹೆಬ್ಬೆರಳು ಬೆವರುತ್ತಿತ್ತು.

ನನ್ನನ್ನು ಹಿಡಿದು ಅರ್ಧ ಗಂಟೆಯೊಳಗೆ ಅವಳ ಮಣಿಕಟ್ಟು ಸೋತಿತು. ಇಷ್ಟು ಭಾರದ ಹಲಗೆ ಹಿಡಿದು ಕೂದಲೆಳೆಯಂಥ ಗೆರೆ ಎಳೆಯುವುದು ಹೇಗೆ? ಮನೆಯ ಹಿಂದಿನ ಅಂಗಳಕ್ಕೆ ಒಯ್ದು, ಬಣ್ಣದ ಚಾಕುವಿನಿಂದ ನನ್ನ ಅಂಚು ಕೆರೆಯತೊಡಗಿದಳು. ಗಜಕರ್ಣದವರಿಗೆ ಕೆರೆದಾಗ ಎಷ್ಟು ಹಿತವೋ ನನಗೆ ಅಷ್ಟು ಹಿತ. ಒಂದು ದೊಡ್ಡ ಚಕ್ಕೆ ಚಟ್ಟನೆ ಎದ್ದು ಬಂತು. ಕಸಕ್ಕೆ ಎಸೆಯಲು ಹೋದವಳು ಅದರ ಅಂಚು ನೋಡಿ ನಿಂತಳು.

ಮೇಲೆ ಕಡುಗಂದು. ಅದರ ಕೆಳಗೆ ಕಂದು. ಅದರ ಕೆಳಗೆ ಜೇನು. ಇನ್ನೂ ಕೆಳಗೆ ಬೆಣ್ಣೆ. ನನ್ನ ಮೈಗೆ ಅಂಟಿಕೊಂಡೇ ಉಳಿದ ತಳದ ಪದರದಲ್ಲಿ, ಹೆಬ್ಬೆರಳ ತೂತಿನ ಬದಿಗೆ, ನೀಲಿ. ನೀಲಿಯ ಪಕ್ಕ ಗುಲಾಬಿ.

"ಇದು ಯಾವುದೋ ಬ್ಯಾರೆ ಚಿತ್ರದ್ದಿರಬೇಕು," ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಸರ್ ಹೇಳಿದ ಮಾತು ನೆನಪಾಗಿ ಅವಳ ಗದ್ದ ಬಿಗಿಯಿತು. ಬ್ಯಾರೆ ಚಿತ್ರ ಈ ಹಲಗಿ ಕಂಡಿಲ್ಲ. ಬಾಯಿದ್ದಿದ್ದರೆ ನಾನು ಆಗಲೇ ಕೂಗಿಬಿಡುತ್ತಿದ್ದೆ. ಇಷ್ಟು ವರ್ಷ ಹೊತ್ತ ಬಣ್ಣ ಬಯಲಾಗುವುದು ಎಂದರೆ ಇದೇ ಇರಬೇಕು.

ಅವಳು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಚಿತ್ರಶಾಲೆಯ ಮೆಟ್ಟಿಲ ಬುಡಕ್ಕೆ ಬಂದಳು. ಪಾಸಾದ ನಕಲುಗಳನ್ನು ಸರ್ ಮೆಟ್ಟಿಲ ಗೋಡೆಗೇ ತೂಗುಹಾಕುತ್ತಿದ್ದರು, ಮೊದಲ ವರ್ಷದ್ದು ಎಲ್ಲಕ್ಕಿಂತ ಕೆಳಗೆ. ಕಡಿದಾದ ಮೆಟ್ಟಿಲು, ಕಾಲ ಕಡೆಗೇ ಕಣ್ಣಿಟ್ಟು ಹತ್ತಬೇಕು. ಗೋಡೆ ನೋಡುವವರು ಯಾರು? ಸುಗಲಾ ಸೆರಗಿನಿಂದ ಕೆಳಗಿನ ಚಿತ್ರದ ಹಿಟ್ಟು ಒರೆಸಿದಳು. ತಿಳಿನೀಲಿ ಆಕಾಶ. ಒಂದು ಮೆಟ್ಟಿಲು ಏರಿ ಮುಂದಿನದು ಒರೆಸಿದಳು. ಬಿಸಿಲು. ಏರುತ್ತ ಹೋದಳು, ಒರೆಸುತ್ತ ಹೋದಳು. ಒಂದೊಂದು ಮೆಟ್ಟಿಲಿಗೂ ಅದೇ ಓಣಿಯಲ್ಲಿ ಹೊತ್ತು ಇಳಿಯುತ್ತಿತ್ತು. ಮೇಲೆ ತಲುಪುವಷ್ಟರಲ್ಲಿ ಮುಸ್ಸಂಜೆ. ಅವಳು ಮತ್ತೆ ಕೆಳಗಿಳಿದು ಮೊದಲನೆಯ ಚಿತ್ರದ ಹೊಸ್ತಿಲಿಗೆ ಮೂಗು ತಾಗಿಸುವಷ್ಟು ಬಗ್ಗಿದಳು. ಬಗ್ಗಿದವಳ ಕೈ ಕೆಳಗೆ ಚುಕ್ಕಿಗಳಿದ್ದವು.

"ಇಷ್ಟೂ ಮಂದಿ ಎಣ್ಣಿ ತಗದಾರ್ರೀ, ಚಿತ್ರ ಅಲ್ಲ," ಎಂದು ಗಂಡನಿಗೆ ಹೇಳಿದಳು.

ಗುರುಸಿದ್ದಪ್ಪನಿಗೆ ಇಡೀ ಕತೆ ಅರ್ಥವಾಗಲು ಎರಡು ಡಬ್ಬಿ ಜೋಳ ಬೀಸುವಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೊದಲ ಬಾರಿಗೆ ಅವನ ದನಿ ತಗ್ಗಿತು. "ಸುಮ್ನಿರು. ಮದಲ ಪಾಸಾಗು. ಗಿರಣಿ ಚಿತ್ರಾ ತಗಿ. ಅವರಿಗೆ ವಯಸ್ಸಾಗೇತಿ. ಅವರ ಸಂಜಿ ನೀ ಯಾಕ ಕೆಡಸ್ತಿ?"

ಸುಗಲಾ ಗಂಡನ ಮಾತಿನಂತೆ ಕೆಲಸಕ್ಕೆ ಕೂತಳು. ಕ್ಯಾನ್ವಾಸಿಗೆ ಚೌಕ ಎಳೆದಳು, ಇದ್ದಿಲಿನಿಂದ ಗೆರೆ ಹಾಕಿದಳು, ತೆಳ್ಳಗಿನ ಬಣ್ಣದ ಮೇಲೆ ದಪ್ಪ ಬಣ್ಣ ಏರಿಸಿದಳು. ತಾನು ಕಂಡದ್ದನ್ನೇ ತೆಗೆದಳು. ಹೊಗೆ ಕಂಡಲ್ಲಿ ಹೊಗೆ, ಹಿಟ್ಟು ಕಂಡಲ್ಲಿ ಹಿಟ್ಟು, ಬಗ್ಗಿದವಳ ಕೈ ಕೆಳಗೆ ಏನೂ ಕಾಣದಲ್ಲಿ ಏನೂ ಇಲ್ಲ. ಕೊನೆಗೆ ನನ್ನ ಮೇಲೆ ಸಾರು ಕಲೆಸಿದಳು. ಅಂಚಿನ ಆ ನೀಲಿಯ ಚೂರಿಗೆ ಮಾತ್ರ ಸಾರು ತಾಗದ ಹಾಗೆ ಹೆಬ್ಬೆರಳು ಅಡ್ಡ ಇಟ್ಟುಕೊಂಡಿದ್ದಳು.

ಪರೀಕ್ಷೆ ದೀಪಾವಳಿಯ ಹಿಂದಿನ ದಿನ. ಅದರ ಕ್ರಮ ಹೀಗಿತ್ತು. ಮೂಲ, ನಕಲು ಎರಡನ್ನೂ ಪಕ್ಕಪಕ್ಕ ತೂಗುಹಾಕಬೇಕು. ಸರ್ ಕಣ್ಣು ಮುಚ್ಚಿಕೊಂಡು ಒಳಗೆ ಬಂದು, ಬಾಗಿಲಲ್ಲಿ ನಿಂತು ಕಣ್ಣು ತೆರೆದು, ಗುರುಗಳದು ಯಾವುದೆಂದು ಹೇಳಬೇಕು. ತಡವರಿಸಿದರೆ ಪಾಸು. ಸರ್ ತಡವರಿಸಲೇ ಇಲ್ಲ. ಕಣ್ಣು ತೆರೆದು ನೇರ ನಡೆದು, ಸುಗಲಾಳ ಚಿತ್ರಕ್ಕೆ ಎರಡೂ ಕೈ ಜೋಡಿಸಿ, ಅದರ ಕೆಳಗಿನ ಅಂಚಿಗೆ ಹಣೆ ಹಚ್ಚಿದರು. ಹಸಿ ಎಣ್ಣೆ ಹಣೆಗೆ ಮೆತ್ತಿದಾಗ ಬೆಚ್ಚಿದರು.

"ಅಯ್ಯ ತಂಗಿ," ಎಂದರು. ಬಾಯೊಳಗಿನ ಅಡಿಕೆ ಅಗಿಯುವುದೇ ನಿಂತಿತು. "ಇಂಥಾ ನಕಲು ನಾನೂ ತಗದಿಲ್ಲ."

ಸುಗಲಾ ಗೋಡೆಗೇರಿದಳು. ಆಣೆ ಮುಗಿಯಿತು. ಗಿರಣಿಯ ಬೆಳಕು ಅವಳದಾಯಿತು. ಆದರೆ ಕೆಳಗಿನಿಂದ ನೋಡುವ ನನಗೆ ಅವಳ ಹೊಳ್ಳೆ ಅರಳಿದ್ದು ಕಾಣಲಿಲ್ಲ.

ಮರುದಿನ ಬೆಳಗು ಮುಂಚೆ, ಪದ್ಧತಿಯಂತೆ, ಎಣ್ಣೆ ಹಚ್ಚುವ ಪಾಳಿ ಅವಳದು. ಉಳಿದ ವಿದ್ಯಾರ್ಥಿಗಳು ಹಬ್ಬಕ್ಕೆ ಊರಿಗೆ ಹೋಗಿದ್ದರು. ಸರ್ ಹೊಸ ಧೋತರ ಉಟ್ಟು, ಬಟ್ಟಲಲ್ಲಿ ಅಗಸೆ ಎಣ್ಣೆ ಹಿಡಿದು ನಿಂತಿದ್ದರು. ಕಿಟಕಿಯಲ್ಲಿ ಬೆಳಕು ಹರಿಯುತ್ತಿತ್ತು. ಸುಗಲಾ ಬೆರಳು ಅದ್ದಲಿಲ್ಲ.

"ಸರ್, ಒಂದು ಕೇಳ್ತೀನ್ರಿ. ಮನ್ಯಾಗ ಎಣ್ಣಿ ಹಚ್ಚಿದ ಮ್ಯಾಲೆ ಎರೀತೀವಲ್ರಿ?"

"ಹೂಂ. ಮತ್ತ? ಎಣ್ಣಿ ತಲ್ಯಾಗ ಯಾರರ ಹಬ್ಬಾ ಮಾಡ್ತಾರೇನು?"

"ಈಕಿಗೆ ಯಾರರ ಎರದಾರೇನ್ರಿ?"

ಸರ್ ನಕ್ಕರು. "ಹುಚ್ಚಿ. ಚಿತ್ರಕ್ಕ ನೀರು ಹಾಕ್ತಾರೇನು?"

"ಹಂಗಾರ ಇಷ್ಟು ವರ್ಷ ಹಚ್ಚಿದ ಎಣ್ಣಿ ಎಲ್ಲಿ ಹೋತ್ರಿ?"

ನಗು ನಿಂತಿತು. ಕೆಳಗೆ ಯಾರದೋ ಮನೆಯಲ್ಲಿ ಹಂಡೆಯ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಸುಗಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ನಾಲಿಗೆಗೆ ತಾಗಿಸಿ, ಬಗ್ಗಿದವಳ ಕೈ ಕೆಳಗೆ ಮೆಲ್ಲಗೆ ಉಜ್ಜತೊಡಗಿದಳು.

"ಏ! ಏ! ಎಂಜಲಾ! ಗುರುಗಳ ಚಿತ್ರಕ್ಕ ಎಂಜಲಾ ಹಚ್ಚತೀ? ತಗಿ ಕೈ! ನಿನ್ನೆ ಏರಿಸಿದ್ದು ಇವತ್ತ ಇಳಸ್ತೀನಿ ನೋಡು ನಿನ್ನ ಚಿತ್ರ!"

"ಇಳಸ್ರಿ." ಅವಳ ಕೈ ನಿಲ್ಲಲಿಲ್ಲ. "ಕೂಸಿನ ಮಾರಿ ಹಿಂಗ ಒರಸೂದಿಲ್ಲೇನ್ರಿ ನಾವು? ಮಗಳು ಅಂದೀರಿ ನೀವ."

ಸೆರಗು ಚಹಾದ ಬಣ್ಣಕ್ಕೆ ತಿರುಗಿತು. ಮತ್ತೊಂದು ತುದಿ, ಮತ್ತೆ ನಾಲಿಗೆ. ಒಣಗಿ ಗಟ್ಟಿಯಾದ ಎಣ್ಣೆ ಸುಲಭಕ್ಕೆ ಬಿಡುವಂಥದ್ದಲ್ಲ. ಆದರೆ ಗಲಗಲಿಯವರು ಆ ಜಾಗದಲ್ಲಿ ಬಿಳಿಯನ್ನು ದಪ್ಪವಾಗಿ ಎತ್ತಿ ಇಟ್ಟಿದ್ದರಲ್ಲ, ಉಬ್ಬಿದ ತಲೆಗಳು ಮೊದಲು ಹೊರಬಂದವು. ಒಂದು ಚುಕ್ಕಿ. ಅದರ ಪಕ್ಕ ಒಂದು. ಆಮೇಲೆ ಸಾಲು.

ಸರ್ ಬಟ್ಟಲನ್ನು ಕೆಳಗಿಟ್ಟು, ಚಿತ್ರದ ಮುಂದೆ ಮಂಡಿಯೂರಿದರು. ಬೆರಳಿನಿಂದ ಚುಕ್ಕಿಗಳನ್ನು ಮುಟ್ಟಿ ನೋಡಿದರು.

"ಸಂಜಿಮುಂದ ರಂಗೋಲಿ ಯಾರವಾ ಹಾಕ್ತಾರ?" ಎಂದರು. ಯಾರನ್ನೂ ಕೇಳಿದ ಹಾಗಿರಲಿಲ್ಲ.

ಸುಗಲಾ ನನ್ನನ್ನು ಮೊಳೆಯಿಂದ ಇಳಿಸಿ ಅವರ ಮುಂದೆ ಹಿಡಿದು, ತೂತಿನ ಬದಿಯ ನೀಲಿ ಗುಲಾಬಿ ತೋರಿಸಿದಳು. ಮೆಟ್ಟಿಲ ಮೇಲಿನ ಮೊದಲ ಚಿತ್ರ ನೋಡಿ ಬರ್ರಿ ಎಂದಳು. ಅವರು ಇಳಿದು ಹೋದರು. ಬಹಳ ಹೊತ್ತಿನ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಬಂದ ಸದ್ದು ಕೇಳಿತು. ಪ್ರತಿ ಮೆಟ್ಟಿಲಲ್ಲೂ ನಿಂತು ಬಂದರು.

"ಚೆಂದಾಗಿ ನೋಡ್ಕೋ ಅಂದಿದ್ರು," ಎಂದರು ಒಳಗೆ ಬಂದು. "ಗುರುಗಳ ಹೆಂಡತಿಯವರನ್ನ ನಾ ಕಂಡಿಲ್ಲ. ಇವರೇ ಇರಬೇಕು. ನನ್ನ ಕೈಯಾರೆ ಕತ್ತಲಾಗ ಹಾಕಿದೆ."

ಸುಗಲಾ ಸೆರಗು ಹಿಂಡುತ್ತ ನಿಂತಿದ್ದಳು. "ನನ್ನ ಚಿತ್ರ ಇಳಸ್ತೀರೇನ್ರಿ?"

"ಯಾಕ ಇಳಸಲಿ? ನೀ ಕಂಡದ್ದು ತಗದಿ. ನಾ ಮಾಡಿದ್ದ ನಿನಗ ಕಂಡಿತು." ಮೆಟ್ಟಿಲ ಕಡೆ ಕೈ ತೋರಿಸಿ ಅಂದರು, "ಇಳಸೂದಾದ್ರ ಮೆಟ್ಟಲ ಮ್ಯಾಲಿನ ಎಲ್ಲಾರನ್ನೂ ಇಳಸಬೇಕು. ಒಂದ ಏಟಿಗೆ ಎಲ್ಲಾರೂ ಫೇಲ್. ಮಾಸ್ತರ ಮದಲ." ಆಮೇಲೆ ಧೋತರದ ಅಂಚನ್ನು ಬೆರಳಿಗೆ ಸುತ್ತಿ ಬಾಯಿಗೆ ಒಯ್ದವರು ಅರ್ಧಕ್ಕೇ ನಿಲ್ಲಿಸಿದರು. "ನನ್ನ ಉಗುಳು ಕೆಂಪು. ನೀನ ಒರಸವಾ."

ಮರುದಿನ ಅವರು ಎಲೆ ಅಡಿಕೆಯ ಚಂಚಿ ಇಲ್ಲದೆ ಬಂದರು. ಯೌವನದಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚಂಚಿ. ಬಾವಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ, ಉಗುಳು ಬೆಳ್ಳಗಾಗುವ ತನಕ ಎಂಟು ದಿನ ಕಾದು, ಹತ್ತಿಯ ಉಂಡೆ ಹಿಡಿದು ಚಿತ್ರದ ಮುಂದೆ ಕೂತರು. ದಿನಕ್ಕೆ ಒಂದು ರೊಟ್ಟಿಯಗಲ ಜಾಗ, ಅಷ್ಟೇ. ಹುಡುಗರು ಮೂಗು ಮುರಿದರು, "ಸರ್ ಚಿತ್ರಕ್ಕ ಉಗುಳಲಿಕತ್ತಾರ!" ಎಂದು ಊರಲ್ಲಿ ಹಬ್ಬಿಸಿದರು. ಸರ್ ತಲೆಕೆಡಿಸಿಕೊಳ್ಳಲಿಲ್ಲ. ಅವರ ದನಿಯೂ ಬದಲಾಯಿತು. ಬಾಯಲ್ಲಿ ರಸವಿಲ್ಲದ ಕಾರಣ ಗದ್ದ ಎತ್ತಬೇಕಾಗಿರಲಿಲ್ಲ. ಅಣಕಿಸಲು ನನಗೀಗ ಸ್ವಲ್ಪ ಕಷ್ಟ.

ಸುಗಲಾ ಕೆಳಗೆ ಗಿರಣಿಯಲ್ಲಿ ಸ್ಟ್ಯಾಂಡ್ ಹೂಡಿದಳು. ಕೈಯಲ್ಲಿ ನಾನು. ನನ್ನ ಮೇಲೆ ಮೊದಲ ಬಾರಿಗೆ ಬೇರೊಂದು ಚಿತ್ರದ ಬಣ್ಣ ಬಿತ್ತು. ತಗಡಿನ ತೂತಿನಿಂದ ಬೆಳಕಿನ ಕಂಬಗಳು ಇಳಿದಿದ್ದವು, ಅವುಗಳ ನಡುವೆ ಹುಬ್ಬು ಮೀಸೆಯೆಲ್ಲ ಬೆಳ್ಳಗಾದ ಗುರುಸಿದ್ದಪ್ಪ.

"ಇನ್ನೆಷ್ಟೊತ್ತು ನಿಂದರಲೇ?" ಎಂದು ಕೂಗಿದ.

"ಆತು, ಆತು," ಎಂದಳು ಸುಗಲಾ.

ನನಗೆ ಮೈ ಜುಮ್ಮೆಂದಿತು.

ಸಂಕ್ರಾಂತಿಗೆ ತಗಡು ಇಳಿಯಿತು, ಸ್ಲಾಬ್ ಏರಿತು. ಚಿತ್ರ ಅದಕ್ಕಿಂತ ಮುಂಚೆಯೇ ಮುಗಿದಿತ್ತು. ಕೊನೆಯ ಬಿಳಿ ಕಲೆಸುವಾಗ ನಾನು ತೂತಿನಿಂದ ಅಂಚಿನವರೆಗೆ ಬಿರುಕು ಬಿಟ್ಟೆ. ಇಷ್ಟು ವರ್ಷ ಒಣಗಿದ ಮೈ, ಇನ್ನೆಷ್ಟು ತಾಳುತ್ತದೆ? ಸುಗಲಾ ನನ್ನನ್ನು ಮತ್ತೆ ಮೇಲಿನ ಮೊಳೆಗೆ ತಂದು ತೂಗಿದಳು. ಹಲಗೆಯ ದುಡಿಮೆ ಅಲ್ಲಿಗೆ ಮುಗಿಯಿತು.

ಗುರುಗಳ ಚಿತ್ರ ಈಗ ಅರ್ಧ ಎದ್ದಿದೆ. ಎಡಗಡೆ ಬೆಳಗಾಗಿದೆ, ಅಂಬಕ್ಕ ರಂಗೋಲಿ ಹಾಕುತ್ತಿದ್ದಾರೆ. ಬಲಗಡೆ ಬೇವಿನ ಮರದ ಸುತ್ತ ಇನ್ನೂ ಸಂಜೆ. ದನಗಳು ಎರಡರ ನಡುವೆ ನಿಂತಿವೆ. ಯಾವುದನ್ನು ನಕಲು ಮಾಡುವುದೆಂದು ಹೊಸಬರು ಕೇಳಿದರೆ ಸರ್ ಹೇಳುತ್ತಾರೆ, "ನಸುಕಿನ್ಯಾಗ ಬರ್ರಿ. ಬೆಣ್ಣಿಹಳ್ಳ ದಾಟಿ ಆ ಓಣಿಗೇ ಹೋಗೋಣು." ಮೆಟ್ಟಿಲ ಮೇಲಿನ ಚಿತ್ರಗಳನ್ನು ಅವರು ಇಳಿಸಲಿಲ್ಲ. ಹಿಟ್ಟು ಮಾತ್ರ ದಿನಾ ಒರೆಸುತ್ತಾರೆ.

ಮತ್ತೆ ದೀಪಾವಳಿ ಬಂತು. ಕೈಗೆ ಅಭ್ಯಾಸವಾಗಿಬಿಟ್ಟಿದೆಯಲ್ಲ, ಸರ್ ಹೊಸ ಧೋತರ ಉಟ್ಟು ಬಟ್ಟಲಲ್ಲಿ ಎಣ್ಣೆ ಹಿಡಿದು ಬಂದೇಬಿಟ್ಟರು. ಚಿತ್ರದ ಮುಂದೆ ನಿಂತಾಗ ನೆನಪಾಯಿತು. ಬಟ್ಟಲು ಹಿಡಿದುಕೊಂಡು ಅತ್ತಿತ್ತ ನೋಡಿದರು. ಸುಗಲಾ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು. ಆಗ ಸರ್ ಅವರ ಕಣ್ಣು ಮೊಳೆಯ ಮೇಲೆ ಬಿತ್ತು.

ನನ್ನನ್ನು ಇಳಿಸಿ ತೊಡೆಯ ಮೇಲೆ ಮಲಗಿಸಿಕೊಂಡರು, ಕೂಸನ್ನು ಮಲಗಿಸಿಕೊಂಡ ಹಾಗೆ. ತೊಟ್ಟಿಲಾಗಬೇಕಿದ್ದವನು ನಾನು, ಕೂಸಾಗುತ್ತೇನೆಂದು ಎಣಿಸಿರಲಿಲ್ಲ. ಬೆನ್ನಿಗೆ ಸವರಿದರು, ಬಿರುಕಿಗೆ ಬೆರಳಿನಿಂದ ತುಂಬಿದರು, ಹೆಬ್ಬೆರಳು ತೂತಿನಲ್ಲಿಟ್ಟು ಸುತ್ತ ಉಜ್ಜಿದರು. ನೀಲಿಯ ಚೂರು ಇರುವಲ್ಲಿ ಮಾತ್ರ ಕೈ ತಪ್ಪಿಸಿದರು. ಬಡಿಗೇರರ ಮನೆ ಬಿಟ್ಟ ಮೇಲೆ ಕಾಣದ ನನ್ನ ಸಾಗವಾನಿಯ ಗೆರೆಗಳು ಒಂದೊಂದಾಗಿ ಮೇಲೆದ್ದವು.

ಸುಗಲಾ ಹತ್ತಿರ ಬಂದು ಬಗ್ಗಿ ನೋಡಿದಳು. "ಇದಕ್ಕೂ ಎರೀಬೇಕೇನ್ರಿ ಸರ್?"

"ಬ್ಯಾಡ," ಎಂದರು ಸರ್. "ಇದು ಕುಡೀತೈತಿ."

ನಾನು ಕುಡಿದೆ.